ಅಂಗಾಂಶದ ಘಟಕಗಳು ಹೀರುವ ಬೆಳಕನ್ನು ಅಳೆಯುವ ಬಗೆ: ರಕ್ತ, ನೀರು, ಕೊಬ್ಬು ಮತ್ತು ಮಾಂಸದ ಪದರ

ಒಂದು ಕ್ಯುವೆಟ್‌ನಲ್ಲಿ (ಬೆಳಕು ಹಾಯುವ ಚಿಕ್ಕ ಚೌಕ ಬಟ್ಟಲು) ಶುದ್ಧ ನೀರು ತುಂಬಿ, ಅದಕ್ಕೆ ಒಂದೇ ಒಂದು ಹನಿ ಹಾಲು ಬೆರೆಸಿ, ಯಾವ ಬಣ್ಣದ ಬೆಳಕು ಎಷ್ಟು ದಾಟಿತೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಇಟ್ಟರೆ, ಯಂತ್ರವು ಗೋಚರ ಬೆಳಕಿನ ಉದ್ದಕ್ಕೂ 1ಕ್ಕೂ ಮೀರಿದ ಅಬ್ಸಾರ್ಬೆನ್ಸ್ ತೋರಿಸುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಬೆಳಕನ್ನು ಆ ಹನಿ ಹೀರಿಕೊಂಡಿತು ಎಂಬುದು ಆ ಅಂಕಿಯ ಅರ್ಥ. ಹಾಲು ನಿಜಕ್ಕೂ ಅಷ್ಟು ಬೆಳಕನ್ನು ಹೀರುವಂತಿದ್ದರೆ ಅದು ಬೆಳ್ಳಗೆ ಕಾಣುತ್ತಲೇ ಇರಲಿಲ್ಲ. ಅದರೊಳಗಿನ ಕೊಬ್ಬಿನ ಗುಂಡುಗಳೂ ಪ್ರೋಟೀನ್ ಕಣಗಳೂ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿವೆ, ಡಿಟೆಕ್ಟರಿನ ಕಿರಿದಾದ ಕಿಂಡಿಗೆ ತಲುಪದ ಆ ಬೆಳಕನ್ನೆಲ್ಲ ಯಂತ್ರ ಹೀರಿಕೆಯ ಖಾತೆಗೆ ಬರೆದುಕೊಂಡಿದೆ, ಅಷ್ಟೇ.

ಜೀವಿಯ ಅಂಗಾಂಶವು ಈ ವಿಷಯದಲ್ಲಿ ಹಾಲಿನ ಬಂಧು. ಚರ್ಮದಲ್ಲಾಗಲಿ ಸ್ನಾಯುವಿನಲ್ಲಾಗಲಿ ಬೆಳಕು ಒಂದು ಮಿಲಿಮೀಟರ್ ಸಾಗುವಷ್ಟರಲ್ಲಿ ಸುಮಾರು ಹತ್ತು ಸಲ ಚದುರುತ್ತದೆ. ಆದರೆ ಸಮೀಪ ಅವಗೆಂಪು ವಲಯದಲ್ಲಿ ಅದೇ ಬೆಳಕು ಹೀರಲ್ಪಡಲು ಹಲವು ಸೆಂಟಿಮೀಟರ್ ದಾರಿ ಬೇಕಾಗುತ್ತದೆ. ಹಾಗಾಗಿ ಮಾಂಸದ ತುಂಡೊಂದನ್ನು ನೇರವಾಗಿ ಯಂತ್ರದೊಳಗಿಟ್ಟು ಪಡೆದ ಗೆರೆಯನ್ನು ಹೀರಿಕೆಯ ರೋಹಿತ (ಯಾವ ಬಣ್ಣ ಎಷ್ಟು ಹೀರಲ್ಪಟ್ಟಿತೆಂಬ ಚಿತ್ರ) ಎಂದು ಕರೆಯುವುದು ತಪ್ಪು. ಚದುರುವಿಕೆಯನ್ನು ಗೆಲ್ಲಲು ಇರುವ ದಾರಿ ಎರಡು. ಮೊದಲನೆಯದು, ಘಟಕಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಕಣಗಳಿಲ್ಲದ ತಿಳಿಯಾದ ದ್ರವವಾಗಿಸಿ ಅಳೆಯುವುದು. ಎರಡನೆಯದು, ಅಂಗಾಂಶವನ್ನು ಇದ್ದಂತೆಯೇ ಇಟ್ಟು, ಚದುರಿದ ಬೆಳಕನ್ನೆಲ್ಲ ಒಂದು ಬಿಳಿ ಗೋಳದೊಳಗೆ ಹಿಡಿದು, ಲೆಕ್ಕದಿಂದ ಹೀರಿಕೆಯನ್ನು ಬೇರೆ ಮಾಡುವುದು. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈಹಾಕಿದವರಿಗೆ ಸಿಕ್ಕ ಗೆರೆಯಲ್ಲಿ ಯಾವ ಉಬ್ಬು ಯಾರದ್ದೆಂದು ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದೇನೆ.

ಅಳೆಯುವ ಮುನ್ನ ಲೆಕ್ಕ

ಅಬ್ಸಾರ್ಬೆನ್ಸ್ ಎಂಬುದು ಹತ್ತರ ಲಾಗರಿದಮ್. ಒಳಹೋದ ಬೆಳಕನ್ನು ಹೊರಬಂದ ಬೆಳಕಿನಿಂದ ಭಾಗಿಸಿ, ಆ ಭಾಗಲಬ್ಧಕ್ಕೆ ಹತ್ತರ ಆಧಾರದ ಲಾಗ್ ತೆಗೆದರೆ ಬರುವ ಸಂಖ್ಯೆ ಅದು. ಅಂಗಾಂಶದ ಬೆಳಕಿನ ಲೆಕ್ಕಗಳಲ್ಲಿ ಬಳಸುವ ಹೀರಿಕೆಯ ಗುಣಾಂಕವಾದರೋ ಸಹಜ ಲಾಗರಿದಮ್‌ನದು. ಒಂದರಿಂದ ಇನ್ನೊಂದಕ್ಕೆ ಹೋಗಲು 2.303ರಿಂದ ಗುಣಿಸಬೇಕು. ಹಿಮೋಗ್ಲೋಬಿನ್ನಿನ ಕೋಷ್ಟಕಗಳು ಸಾಮಾನ್ಯವಾಗಿ ಹತ್ತರ ಆಧಾರದಲ್ಲಿಯೂ ನೀರಿನ ಕೋಷ್ಟಕಗಳು ಬಹುಮಟ್ಟಿಗೆ ಸಹಜ ಆಧಾರದಲ್ಲಿಯೂ ಇರುವುದರಿಂದ, ಎರಡನ್ನೂ ಒಂದೇ ಸಮೀಕರಣದಲ್ಲಿ ಕೂಡಿಸುವವರು ಇಲ್ಲಿ ಎಡವುವುದು ತೀರಾ ಸಾಮಾನ್ಯ. ನಾನೂ ಎಡವಿದ್ದೇನೆ. ಮಾಂಸದ ಪದರವೊಂದರಲ್ಲಿ ರಕ್ತದ ಪ್ರಮಾಣ ನಿರೀಕ್ಷೆಗಿಂತ ಎರಡೂಕಾಲು ಪಟ್ಟು ಹೆಚ್ಚು ಬಂತೆಂದು ಎರಡು ವಾರ ಯಂತ್ರವನ್ನು ಬೈದುಕೊಂಡ ಮೇಲೆ, ತಪ್ಪು ನನ್ನ ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿದೆ ಎಂದು ಗೊತ್ತಾಯಿತು.

ಹಿಮೋಗ್ಲೋಬಿನ್ನಿನದೇ ಇನ್ನೊಂದು ಬಲೆಯಿದೆ. ಅದರ ಅಣುವಿನಲ್ಲಿ ನಾಲ್ಕು ಉಪಘಟಕಗಳಿವೆ, ಆಮ್ಲಜನಕ ಹಿಡಿಯುವ ಕಬ್ಬಿಣದ ಭಾಗಗಳಾದ ನಾಲ್ಕು ಹೀಮ್‌ಗಳಿವೆ. ಕೆಲವು ಕೋಷ್ಟಕಗಳು ಇಡೀ ಅಣುವನ್ನು ಒಂದೆಂದು ಎಣಿಸಿ ಸುಮಾರು 64,500 ಅಣುತೂಕದೊಂದಿಗೆ ಗುಣಾಂಕ ಕೊಟ್ಟರೆ, ಕ್ಲಿನಿಕಲ್ ಪ್ರಯೋಗಾಲಯದ ಪದ್ಧತಿಗಳು ಒಂದೊಂದು ಹೀಮ್ ಅನ್ನೂ ಬೇರೆಬೇರೆಯಾಗಿ ಎಣಿಸಿ 16,114ರ ತೂಕ ಬಳಸುತ್ತವೆ. ಇವನ್ನು ಬೆರೆಸಿದರೆ ತಪ್ಪು ನಾಲ್ಕು ಪಟ್ಟು. ಕೋಷ್ಟಕದ ಮೊದಲ ಸಾಲನ್ನು ಓದದೆ ಅಂಕಿಯನ್ನು ಎತ್ತಿಕೊಳ್ಳಬಾರದು.

ಯಂತ್ರದ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಡ್ಯುಟೀರಿಯಂ ದೀಪವಿರುವ ಯಂತ್ರದಲ್ಲಿ ಆ ದೀಪದ 656.1 ನ್ಯಾನೋಮೀಟರಿನ ಗೆರೆ ಸರಿಯಾದ ಜಾಗದಲ್ಲಿ ಬರುತ್ತದೆಯೇ ಎಂದು ನೋಡಿದರೆ ತರಂಗದೂರದ ಪರೀಕ್ಷೆ ಆದಂತೆ. ಹೋಲ್ಮಿಯಂ ಗಾಜಿನ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಂಡ್‌ವಿಡ್ತ್ ಅನ್ನು, ಎಂದರೆ ಯಂತ್ರ ಒಮ್ಮೆಗೆ ಹಾಯಿಸುವ ತರಂಗದೂರಗಳ ಅಗಲವನ್ನು, 2 ನ್ಯಾನೋಮೀಟರ್ ಅಥವಾ ಅದಕ್ಕಿಂತ ಕಡಿಮೆಗೆ ಇಡಬೇಕು. ಇಲ್ಲದಿದ್ದರೆ ಹಿಮೋಗ್ಲೋಬಿನ್ನಿನ 577ರ ಚೂಪಾದ ಶಿಖರ ಮೊಂಡಾಗುತ್ತದೆ. ಅಬ್ಸಾರ್ಬೆನ್ಸ್ 0.1ರಿಂದ 1ರೊಳಗೆ ಬರುವಂತೆ ದ್ರಾವಣವನ್ನು ಸಿದ್ಧಪಡಿಸಿಕೊಳ್ಳಬೇಕು. ಯಂತ್ರದೊಳಗೆ ಅಡ್ಡಾದಿಡ್ಡಿ ಸುಳಿದಾಡುವ ಬೆಳಕು ಸಾವಿರಕ್ಕೆ ಒಂದು ಪಾಲಿದ್ದರೂ ಸಾಕು, ಏನೇ ಇಟ್ಟರೂ ಓದು 3ನ್ನು ದಾಟುವುದಿಲ್ಲ. 2ರ ಆಚೆಗಿನ ಅಂಕಿಯನ್ನು ನಂಬದಿರುವುದು ನನ್ನ ರೂಢಿ.

ಹಿಮೋಗ್ಲೋಬಿನ್

ಮನುಷ್ಯರ ರಕ್ತವನ್ನು ಬಳಸಬೇಕಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ಜೈವಿಕ ಸುರಕ್ಷತೆಯ ವ್ಯವಸ್ಥೆಯೂ ಬೇಕು. ಕಲಿಯುವವರಿಗೆ ಮಟನ್ ಅಂಗಡಿಯಲ್ಲಿ ಸಿಗುವ ಮೇಕೆಯ ರಕ್ತ ಸಾಕು. ಹೀಮ್ ಒಂದೇ ಆದ್ದರಿಂದ ರೋಹಿತದ ಆಕಾರವೂ ಬಹುಮಟ್ಟಿಗೆ ಒಂದೇ. ರಕ್ತ ಹೆಪ್ಪುಗಟ್ಟುವ ಮೊದಲೇ ಬೆರೆಯಬೇಕಾದ್ದರಿಂದ, ಇ.ಡಿ.ಟಿ.ಎ. ಅಥವಾ ಸೋಡಿಯಂ ಸಿಟ್ರೇಟ್ ದ್ರಾವಣ ಹಾಕಿದ ಬಾಟಲಿಯನ್ನು ನಾವೇ ಒಯ್ಯಬೇಕು, ಅಂಗಡಿಯವರಿಗೆ ಮುಂಚಿತವಾಗಿ ಹೇಳಿರಬೇಕು. ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು.

ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ಹಳದಿ ಪ್ಲಾಸ್ಮಾವನ್ನೂ ನಡುವಿನ ತೆಳುವಾದ ಬಿಳಿಕಣಗಳ ಪೊರೆಯನ್ನೂ ಪಿಪೆಟ್‌ನಿಂದ ತೆಗೆದುಹಾಕಬೇಕು. ಉಳಿದ ಕೆಂಪುಕಣಗಳನ್ನು 0.9 ಶೇಕಡಾ ಉಪ್ಪುನೀರಿನಲ್ಲಿ ಮೂರು ಸಲ ತೊಳೆಯಬೇಕು. ಮೇಕೆಯ ಕೆಂಪುಕಣ ಮನುಷ್ಯರದ್ದರ ಅರ್ಧದಷ್ಟಿರುತ್ತದೆ ಅಷ್ಟೇ, ಹಾಗಾಗಿ ಅದು ತಳಸೇರಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ತೊಳೆದ ಕಣಗಳಿಗೆ ತಣ್ಣನೆಯ ಡಿಸ್ಟಿಲ್ಡ್ ನೀರು ಸುರಿದರೆ ಅವು ಉಬ್ಬಿ ಒಡೆಯುತ್ತವೆ. ಈ ಹಂತದಲ್ಲಿ ಕಣ್ಣಿಗೇ ಕಾಣುವ ಬದಲಾವಣೆಯೊಂದಿದೆ. ಇದುವರೆಗೆ ಕುಂಕುಮ ಕಲಸಿದ ನೀರಿನಂತೆ ಮಂದವಾಗಿದ್ದ ದ್ರವ ಒಮ್ಮೆಲೇ ದಾಳಿಂಬೆ ರಸದಂತೆ ಪಾರದರ್ಶಕವಾಗುತ್ತದೆ. ಬಣ್ಣದ ವಸ್ತು ಮೊದಲಿದ್ದಷ್ಟೇ ಇದೆ, ಚದುರಿಸುತ್ತಿದ್ದ ಕಣಗಳು ಮಾತ್ರ ಇಲ್ಲವಾದವು. ಒಡೆದ ಕಣಗಳ ಪೊರೆಗಳು ಇನ್ನೂ ತೇಲುತ್ತಿರುವುದರಿಂದ ಮತ್ತೊಮ್ಮೆ ಹೆಚ್ಚಿನ ವೇಗದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡು, 7.4 ಪಿಎಚ್‌ನ ಫಾಸ್ಫೇಟ್ ಬಫರಿನಲ್ಲಿ ಬೆರೆಸಿ ಮಂಜುಗಡ್ಡೆಯ ಮೇಲಿಡಬೇಕು.

ಮುಂದಿನ ಪ್ರಶ್ನೆ ಎಷ್ಟು ತೆಳುಗೊಳಿಸಬೇಕು ಎಂಬುದು. ಲೀಟರಿಗೆ 150 ಗ್ರಾಂ ಹಿಮೋಗ್ಲೋಬಿನ್ ಇರುವ ಮನುಷ್ಯರ ರಕ್ತವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಸುಮಾರು 2.33 ಮಿಲಿಮೋಲಾರ್. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ನಿನ ಮೋಲಾರ್ ಗುಣಾಂಕ (ಲೀಟರಿಗೆ ಒಂದು ಮೋಲ್ ಇರುವ ದ್ರಾವಣದ ಒಂದು ಸೆಂಟಿಮೀಟರ್ ದಾರಿಗೆ ಬರುವ ಅಬ್ಸಾರ್ಬೆನ್ಸ್) 414 ನ್ಯಾನೋಮೀಟರಿನಲ್ಲಿ ಸುಮಾರು 5,24,000, 540ರಲ್ಲಿ ಸುಮಾರು 53,000, 660ರಲ್ಲಿ ಕೇವಲ 320. ಈ ಅಂಕಿಗಳು ಇಡೀ ಅಣುವಿನವು, ಹತ್ತರ ಆಧಾರದವು. ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ನೀಲಿ ತುದಿಯ ಶಿಖರವನ್ನು ಹಿಡಿಯಲು ಸುಮಾರು 1,500 ಪಟ್ಟು ತೆಳುಗೊಳಿಸಬೇಕು. ಹಸಿರು-ಹಳದಿ ವಲಯಕ್ಕೆ 200 ಪಟ್ಟು ಸಾಕು. ಕೆಂಪು ಮತ್ತು ಅವಗೆಂಪಿಗೆ ಬಂದಾಗ ಐದರಿಂದ ಹತ್ತು ಪಟ್ಟು ತೆಳುವಾದ, ಕಣ್ಣಿಗೆ ಕಪ್ಪಾಗಿಯೇ ಕಾಣುವ ದ್ರಾವಣ ಬೇಕು. ಒಂದೇ ದ್ರಾವಣದಿಂದ 400ರಿಂದ 1000ದವರೆಗೆ ಗೆರೆ ಎಳೆದವರ ಚಿತ್ರದಲ್ಲಿ ಒಂದು ತುದಿ ಚಪ್ಪಟೆಯಾಗಿ, ಇನ್ನೊಂದು ತುದಿ ಬರೀ ಗದ್ದಲವಾಗಿರುತ್ತದೆ. ಮೇಕೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಲೀಟರಿಗೆ 80ರಿಂದ 120 ಗ್ರಾಂ ಇರುತ್ತದೆ, ಅದಕ್ಕೆ ತಕ್ಕಂತೆ ಈ ಪಟ್ಟುಗಳನ್ನು ಇಳಿಸಿಕೊಳ್ಳಬೇಕು.

ತಿಳಿ ನಿಜವಾಗಿಯೂ ತಿಳಿಯೇ ಎಂದು ಪರೀಕ್ಷಿಸಲು 200 ಪಟ್ಟಿನ ದ್ರಾವಣವನ್ನು 700 ನ್ಯಾನೋಮೀಟರಿನಲ್ಲಿ ಓದಬೇಕು. ಅಲ್ಲಿ ಹಿಮೋಗ್ಲೋಬಿನ್ನಿನ ಪಾಲು 0.004ಕ್ಕಿಂತ ಕಡಿಮೆ ಇರಬೇಕು. ಯಂತ್ರ 0.02 ಅಥವಾ 0.03 ತೋರಿಸಿದರೆ ಪೊರೆಗಳ ಚೂರುಗಳು ಇನ್ನೂ ಉಳಿದಿವೆ ಎಂದರ್ಥ. ಆಗ ಗೆರೆಯಿಂದ ಒಂದು ಸ್ಥಿರಸಂಖ್ಯೆಯನ್ನು ಕಳೆದು ಸರಿಪಡಿಸಿದೆವೆಂದು ಭಾವಿಸುವುದು ಸರಿಯಲ್ಲ. ಚದುರುವಿಕೆ ನೀಲಿಯ ಕಡೆಗೆ ಏರುತ್ತಾ ಹೋಗುತ್ತದೆ, ಎಲ್ಲ ಬಣ್ಣಕ್ಕೂ ಸಮನಾಗಿರುವುದಿಲ್ಲ. ಮತ್ತೆ ತಿರುಗಿಸುವುದೊಂದೇ ಉಪಾಯ.

ಸರಿಯಾದ ದ್ರಾವಣದ ಗೆರೆಯಲ್ಲಿ 542 ಮತ್ತು 577ರ ಸುಮಾರಿಗೆ ಎರಡು ಶಿಖರಗಳು ಜೋಡಿಯಾಗಿ ಎದ್ದುನಿಲ್ಲುತ್ತವೆ. ಈಗ ಕ್ಯುವೆಟ್‌ಗೆ ಪ್ರತಿ ಮಿಲಿಲೀಟರಿಗೆ ಒಂದೆರಡು ಮಿಲಿಗ್ರಾಂನಷ್ಟು, ಆಮ್ಲಜನಕ ಕಸಿಯುವ ಸೋಡಿಯಂ ಡೈಥಯೊನೈಟ್ ಪುಡಿ ಹಾಕಿ, ಮುಚ್ಚಳ ಬಿಗಿದು, ಮೆಲ್ಲಗೆ ತಲೆಕೆಳಗು ಮಾಡಿ ನೋಡಬೇಕು. ಕೆಂಪು ಸೆಕೆಂಡುಗಳಲ್ಲಿ ನೇರಳೆಯ ಕಡೆಗೆ ತಿರುಗುತ್ತದೆ, ಎರಡು ಶಿಖರಗಳು ಕರಗಿ 555ರ ಸುಮಾರಿಗೆ ಒಂದೇ ಅಗಲವಾದ ಗುಡ್ಡವಾಗುತ್ತವೆ, 760ರ ಹತ್ತಿರ ಮೊದಲಿರದ ಒಂದು ಸಣ್ಣ ಉಬ್ಬು ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಹೋಪೆ-ಸೈಲರ್ 1862ರಲ್ಲಿ ರಕ್ತದ ಆ ಎರಡು ಕಪ್ಪು ಪಟ್ಟಿಗಳನ್ನು ವಿವರಿಸಿದ್ದರು. 1864ರಲ್ಲಿ ಕೇಂಬ್ರಿಡ್ಜ್‌ನ ಸ್ಟೋಕ್ಸ್, ಆಮ್ಲಜನಕ ಕಸಿಯುವ ರಾಸಾಯನಿಕದಿಂದ ಅವನ್ನು ಒಂದಾಗಿಸಿ, ಗಾಳಿಯೊಂದಿಗೆ ಅಲುಗಿಸಿ ಮತ್ತೆ ಎರಡಾಗಿಸಿ ತೋರಿಸಿದರು. ಅದೇ ಪ್ರಯೋಗವನ್ನು ನಾವು ಇಂದು ಐದು ನಿಮಿಷದಲ್ಲಿ ಮಾಡುತ್ತೇವೆ. ಡೈಥಯೊನೈಟ್ ಹಳೆಯದಾಗಿದ್ದರೆ ಕೆಲಸ ಮಾಡದು. ಬಫರ್ ದುರ್ಬಲವಾಗಿದ್ದರೆ ಅದು ದ್ರಾವಣವನ್ನು ಆಮ್ಲೀಯವಾಗಿಸಿ ಪ್ರೋಟೀನನ್ನು ಒಡೆಸುತ್ತದೆ, ಹೆಪ್ಪು ಕಂಡೊಡನೆ ಆ ಕ್ಯುವೆಟ್ ಅನ್ನು ಬಿಟ್ಟುಬಿಡಬೇಕು. ಒಂದು ದಿನ ಹೊರಗಿಟ್ಟ ದ್ರಾವಣ ಕಂದಾಗಿ 630ರಲ್ಲಿ ಉಬ್ಬು ತೋರಿಸಿದರೆ ಅದು ಮೆಟ್‌ಹಿಮೋಗ್ಲೋಬಿನ್, ಅದನ್ನೂ ಚೆಲ್ಲಬೇಕು.

ಆಮ್ಲಜನಕ ಇದ್ದ ಮತ್ತು ಇಲ್ಲದ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಅವು 800ರ ಸುಮಾರಿಗೆ ಒಂದನ್ನೊಂದು ದಾಟಬೇಕು. ಆ ಬಿಂದುವಿನಲ್ಲಿ ಹೀರಿಕೆಯು ಆಮ್ಲಜನಕವನ್ನು ಅವಲಂಬಿಸುವುದಿಲ್ಲ. ದಾಟುವ ಜಾಗ ಬಹಳ ಜರುಗಿದ್ದರೆ ಎರಡು ದ್ರಾವಣಗಳ ಸಾಂದ್ರತೆ ಒಂದೇ ಇಲ್ಲ. 660ರಲ್ಲಿ ಆಮ್ಲಜನಕವಿಲ್ಲದ್ದರ ಗುಣಾಂಕ ಸುಮಾರು 3,200, ಅಂದರೆ ಇನ್ನೊಂದರ ಹತ್ತು ಪಟ್ಟು. 940ರಲ್ಲಿ ಸ್ಥಿತಿ ತಿರುಗಿ, ಆಮ್ಲಜನಕ ತುಂಬಿದ್ದೇ ಹೆಚ್ಚು ಹೀರುತ್ತದೆ. ಜಪಾನಿನ ತಕುವೊ ಅಯೋಯಾಗಿ 1970ರ ದಶಕದಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರ್ ತತ್ವದ ಮೇಲೆ ಇಂದು ಬೆರಳಿಗೆ ಸಿಕ್ಕಿಸುವ ಕ್ಲಿಪ್‌ಗಳು ಸಾಮಾನ್ಯವಾಗಿ ಬಳಸುವ ಎರಡು ಬೆಳಕುಗಳು ಇವೇ.

ಸಾಂದ್ರತೆಯನ್ನು ಸ್ವತಂತ್ರವಾಗಿ ಕಂಡುಕೊಳ್ಳದೆ ಮೋಲಾರ್ ಗುಣಾಂಕ ಹೇಳಲಾಗದು. ಇದಕ್ಕೆ ಹಳೆಯ, ನಂಬಿಕೆಯ ದಾರಿ, ಹಿಮೋಗ್ಲೋಬಿನ್ನನ್ನೆಲ್ಲ ಒಂದೇ ಸ್ಥಿರ ರೂಪಕ್ಕೆ ತರುವ ಡ್ರಾಬ್ಕಿನ್ ದ್ರಾವಣ. 20 ಮೈಕ್ರೋಲೀಟರ್ ರಕ್ತವನ್ನು 5 ಮಿಲಿಲೀಟರ್ ದ್ರಾವಣದಲ್ಲಿ ಬೆರೆಸಿ ಹತ್ತು ನಿಮಿಷ ಬಿಟ್ಟು 540ರಲ್ಲಿ ಓದಿದ ಅಬ್ಸಾರ್ಬೆನ್ಸ್ ಅನ್ನು 368ರಿಂದ ಗುಣಿಸಿದರೆ ಲೀಟರಿಗೆ ಇಷ್ಟು ಗ್ರಾಂ ಎಂದು ಸಿಗುತ್ತದೆ. ಪ್ರತಿ ಹೀಮ್‌ಗೆ 11.0 ಮಿಲಿಮೋಲಾರ್ ಗುಣಾಂಕ, 251 ಪಟ್ಟು ತೆಳುಗೊಳಿಸಿದ್ದು, ಇವೆರಡರಿಂದ ಬಂದ ಸಂಖ್ಯೆ ಅದು. ಓದು 0.30 ಇದ್ದರೆ ರಕ್ತದಲ್ಲಿ ಲೀಟರಿಗೆ ಸುಮಾರು 110 ಗ್ರಾಂ. 540 ಮತ್ತು 504ರ ಓದುಗಳ ಅನುಪಾತ 1.59ರಿಂದ 1.63ರ ನಡುವೆ ಬಂದರೆ ಬೆರಕೆಯಿಲ್ಲವೆಂದು ನಂಬಬಹುದು. ಈ ದ್ರಾವಣದಲ್ಲಿ ಸೈನೈಡ್ ಇದೆ. ಬಾಯಿಂದ ಪಿಪೆಟ್ ಎಳೆಯಬಾರದು, ಆಮ್ಲದ ಹತ್ತಿರ ತರಬಾರದು, ಸಿಂಕಿಗೆ ಸುರಿಯಬಾರದು. ಇದರ ವ್ಯವಸ್ಥೆಯಿಲ್ಲದ ಕಾಲೇಜುಗಳು ಸೈನೈಡ್ ಇಲ್ಲದ ಸೋಡಿಯಂ ಲಾರಿಲ್ ಸಲ್ಫೇಟ್ ವಿಧಾನವನ್ನು ಹಿಡಿಯುವುದೇ ಲೇಸು.

ನೀರು, ತುಪ್ಪ, ಮೆಲನಿನ್

ನೀರನ್ನು ಅಳೆಯುವುದು ಸುಲಭವೆಂದು ತೋರುತ್ತದೆ, ಆದರೆ ಹೋಲಿಕೆಗೆ ಏನನ್ನು ಇಡಬೇಕು ಎಂಬಲ್ಲೇ ತೊಡಕು. ಖಾಲಿ ಕ್ಯುವೆಟ್ ಇಟ್ಟರೆ ಗಾಜು ಮತ್ತು ಗಾಳಿಯ ಗಡಿಯಲ್ಲಿ ಪ್ರತಿಫಲನ ಹೆಚ್ಚು, ನೀರು ತುಂಬಿದಾಗ ಅದು ಕಡಿಮೆ. ಆ ವ್ಯತ್ಯಾಸ ಹೀರಿಕೆಯ ಲೆಕ್ಕಕ್ಕೆ ನುಸುಳುತ್ತದೆ, ಓದು ಸೊನ್ನೆಗಿಂತ ಕೆಳಗೂ ಹೋಗಬಹುದು. ಆದ್ದರಿಂದ 10 ಮತ್ತು 2 ಮಿಲಿಮೀಟರ್ ದಾರಿಯ ಎರಡು ಕ್ಯುವೆಟ್‌ಗಳಲ್ಲಿ ಅದೇ ನೀರನ್ನು ತುಂಬಿ, ಒಂದರ ಓದಿನಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು 0.8 ಸೆಂಟಿಮೀಟರಿನಿಂದ ಭಾಗಿಸಬೇಕು. ಗಡಿಗಳ ನಷ್ಟ ಎರಡರಲ್ಲೂ ಒಂದೇ ಆದ್ದರಿಂದ ಕಳೆಯುವಾಗ ಹೋಗಿಬಿಡುತ್ತದೆ. ನೀರನ್ನು ಮೊದಲೇ ಕುದಿಸಿ ಆರಿಸಿದರೆ ಗೋಡೆಗೆ ಗುಳ್ಳೆಗಳು ಅಂಟುವುದು ತಪ್ಪುತ್ತದೆ.

ನೀರಿನ ಶಿಖರಗಳು 975, 1200, 1450 ಮತ್ತು 1940 ನ್ಯಾನೋಮೀಟರುಗಳ ಸುಮಾರಿಗೆ ಬರುತ್ತವೆ, ಒಂದಕ್ಕಿಂತ ಒಂದು ಎತ್ತರ. ಸಹಜ ಲಾಗ್ ಲೆಕ್ಕದಲ್ಲಿ 975ರಲ್ಲಿ ಪ್ರತಿ ಸೆಂಟಿಮೀಟರಿಗೆ ಅರ್ಧಕ್ಕಿಂತ ತುಸು ಕಡಿಮೆ ಇರುವ ಗುಣಾಂಕ 1450ರಲ್ಲಿ ಮೂವತ್ತರ ಹತ್ತಿರ, 1940ರಲ್ಲಿ ನೂರನ್ನು ಮೀರುತ್ತದೆ. ಹೀಗಾಗಿ ಮೊದಲನೆಯದಕ್ಕೆ ಸೆಂಟಿಮೀಟರ್ ಕ್ಯುವೆಟ್, 1450ಕ್ಕೆ 1 ಮಿಲಿಮೀಟರ್, 1940ಕ್ಕೆ 0.1 ಮಿಲಿಮೀಟರ್ ದಾರಿ ಬೇಕು. ಶಾಖ ಬದಲಾದರೆ 975ರ ಶಿಖರವೂ ಜರುಗುತ್ತದೆ, ಶಾಖವನ್ನು ಪ್ರತಿ ಓದಿನ ಪಕ್ಕದಲ್ಲೂ ಬರೆದಿಡಬೇಕು. ಗೋಚರ ಬೆಳಕಿನಲ್ಲಿ ನೀರಿನ ಹೀರಿಕೆಯನ್ನು ಕ್ಯುವೆಟ್‌ನಲ್ಲಿ ಹುಡುಕುವುದು ವ್ಯರ್ಥ ಶ್ರಮ. ಪೋಪ್ ಮತ್ತು ಫ್ರೈ 1997ರಲ್ಲಿ ವಿಶೇಷ ಕುಹರವೊಂದನ್ನು ಬಳಸಿ 418ರಲ್ಲಿ ಕಂಡದ್ದು ಒಂದು ಮೀಟರಿಗೆ 0.0044 ಮಾತ್ರ. ರಕ್ತದ ಹೀರಿಕೆ ಇಳಿದು ನೀರಿನದು ಇನ್ನೂ ಏರದ 650ರಿಂದ 950ರವರೆಗಿನ ಈ ಕಿಟಕಿಯಿಂದಲೇ ಮೊಬೈಲ್ ಟಾರ್ಚಿನ ಮೇಲಿಟ್ಟ ಬೆರಳು ಕೆಂಪಾಗಿ ಹೊಳೆಯುವುದು, ಇದೇ ಕಿಟಕಿಯ ಮೂಲಕವೇ ಅಮೆರಿಕದ ವಿಜ್ಞಾನಿ ಯೋಬ್ಸಿಸ್ 1977ರಲ್ಲಿ ತಲೆಬುರುಡೆಯ ಹೊರಗಿನಿಂದ ಮಿದುಳಿನ ಆಮ್ಲಜನಕವನ್ನು ಗಮನಿಸಬಹುದೆಂದು ತೋರಿಸಿದ್ದು.

ಕೊಬ್ಬಿಗೆ ಹಂದಿಯ ಕೊಬ್ಬನ್ನು ಕರಗಿಸಿ ಸೋಸಿ ಬಳಸುವುದು ರೂಢಿ. ಅಭ್ಯಾಸಕ್ಕೆ ಮನೆಯ ತುಪ್ಪ ಬಹಳ ಚೆನ್ನಾಗಿ ಒದಗುತ್ತದೆ. ಬೆಚ್ಚಗೆ, ಸುಮಾರು 50 ಡಿಗ್ರಿಯಲ್ಲಿ, ಕ್ಯುವೆಟ್ ಹಿಡಿಕೆಯನ್ನೂ ಕಾಯಿಸಿಕೊಂಡು ಓದಬೇಕು. ಅರ್ಧದಲ್ಲಿ ಆರಿತೆಂದರೆ ತುಪ್ಪ ಹರಳುಗಟ್ಟುತ್ತದೆ, ಗೆರೆಯೆಲ್ಲ ಮೇಲಕ್ಕೆ ಎದ್ದುಬಿಡುತ್ತದೆ. ಹಾಲಿನ ಹನಿಯ ಕಥೆಯೇ ಮತ್ತೆ. ತಿಳಿಯಾದ ತುಪ್ಪದಲ್ಲಿ 930, 1210 ಮತ್ತು 1730ರ ಸುಮಾರಿಗೆ ಇಂಗಾಲ-ಜಲಜನಕ ಬಂಧದ ಶಿಖರಗಳು ಕಾಣುತ್ತವೆ. ಹಸುವಿನ ತುಪ್ಪವನ್ನೂ ಎಮ್ಮೆಯ ತುಪ್ಪವನ್ನೂ ಅಕ್ಕಪಕ್ಕದಲ್ಲಿ ಓದಿದರೆ ಅವಗೆಂಪಿನಲ್ಲಿ ಎರಡೂ ಒಂದೇ, 450ರಿಂದ 480ರ ನಡುವೆ ಮಾತ್ರ ಹಸುವಿನದು ಎದ್ದಿರುತ್ತದೆ. ಎಮ್ಮೆಯ ದೇಹ ಹಳದಿ ಬಣ್ಣದ ಕ್ಯಾರೊಟಿನ್ ಅನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಬಿಡುತ್ತದೆ, ಹಸುವಿನ ಕೊಬ್ಬಿನಲ್ಲಿ ಅದು ಉಳಿಯುತ್ತದೆ. ಮನುಷ್ಯರ ಕೊಬ್ಬು ಹಳದಿಯಾಗಿರುವುದೂ ಅದರಿಂದಲೇ, ಹಾಗಾಗಿ ಅಂಗಾಂಶದ ಲೆಕ್ಕದಲ್ಲಿ ಕ್ಯಾರೊಟಿನ್‌ಗೂ ಒಂದು ಕಾಲಂ ಇಡಬೇಕು.

ಮೆಲನಿನ್‌ನಲ್ಲಿ ಶಿಖರವೇ ಇಲ್ಲ. ನೀಲಿಯಿಂದ ಅವಗೆಂಪಿನವರೆಗೆ ಒಂದೇ ಸಮನೆ ಇಳಿಯುವ ಜಾರು ಅದು. ಕ್ಷಾರದಲ್ಲಿ ಕರಗಿಸಿ ಅಳೆಯಬಹುದು, ಆದರೆ ಚರ್ಮದಲ್ಲಿ ಅದು ಕಣಗಳಾಗಿರುವುದರಿಂದ ಆ ಅಂಕಿಯನ್ನು ನೇರವಾಗಿ ಚರ್ಮಕ್ಕೆ ಹಚ್ಚಲಾಗದು. ಅದನ್ನು ಕಡೆಗಣಿಸುವುದೂ ತಪ್ಪು. ಪಲ್ಸ್ ಆಕ್ಸಿಮೀಟರ್ ಆಮ್ಲಜನಕದ ಕೊರತೆಯನ್ನು ಕಾಣದೆ ಬಿಡುವುದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಮಧ್ಯ ಅವಗೆಂಪಿನ ಬಗ್ಗೆ ಎರಡು ಮಾತು

2.5 ಮೈಕ್ರೋಮೀಟರಿನ ಆಚೆಗೆ ಯಂತ್ರವೂ ಬೇರೆ, ಎಣಿಕೆಯೂ ಬೇರೆ. ಅಲ್ಲಿ ಎಫ್‌ಟಿಐಆರ್ (ಫೂರಿಯೇ ಟ್ರಾನ್ಸ್‌ಫಾರ್ಮ್ ಇನ್‌ಫ್ರಾರೆಡ್) ಯಂತ್ರ, ತರಂಗಸಂಖ್ಯೆಯ ಭಾಷೆ, ಎಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗಗಳೆಂಬ ಎಣಿಕೆ. ಪ್ರೋಟೀನಿನ ಅಮೈಡ್ ಪಟ್ಟಿಗಳು 1650 ಮತ್ತು 1550ರ ಬಳಿ, ಕೊಬ್ಬಿನವು 2850, 2920 ಮತ್ತು 1740ರ ಬಳಿ, ಫಾಸ್ಫೇಟಿನವು 1240 ಮತ್ತು 1080ರ ಬಳಿ ಇರುತ್ತವೆ. ನೀರಿನ 1640ರ ಪಟ್ಟಿ ಪ್ರೋಟೀನಿನ ಮೊದಲ ಪಟ್ಟಿಯ ಮೇಲೆಯೇ ಕೂರುತ್ತದೆ, ಆದ್ದರಿಂದ ಮಾದರಿಯನ್ನು ಒಣಗಿಸಬೇಕು ಇಲ್ಲವೇ ಭಾರಜಲದಲ್ಲಿ ಇಡಬೇಕು. ಐದರಿಂದ ಹತ್ತು ಮೈಕ್ರೋಮೀಟರ್ ದಪ್ಪದ ಪದರವನ್ನು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿಯ ಮೇಲಿಡುವುದು ಒಂದು ಕ್ರಮ. ಸಾಮಾನ್ಯ ಗಾಜು ಇಲ್ಲಿ ಗೋಡೆಯಿದ್ದಂತೆ. ರೋಗಶಾಸ್ತ್ರ ವಿಭಾಗದಿಂದ ಮೇಣದಲ್ಲಿ ಹುದುಗಿಸಿದ ಪದರಗಳನ್ನು ತಂದು ಓದುವವರು ಒಂದನ್ನು ನೆನಪಿಡಬೇಕು: ಮೇಣದ ಪಟ್ಟಿಗಳು ಕೊಬ್ಬಿನ ಪಟ್ಟಿಗಳ ಜಾಗದಲ್ಲೇ ಬರುತ್ತವೆ, ಮೇಣವನ್ನು ತೊಳೆಯುವ ಕ್ಸೈಲೀನ್ ಅಂಗಾಂಶದ ಕೊಬ್ಬನ್ನೂ ತೊಳೆದುಬಿಡುತ್ತದೆ. ಕೊಬ್ಬು ಬೇಕಾದರೆ ಹೆಪ್ಪುಗಟ್ಟಿಸಿ ಕತ್ತರಿಸಿದ ಪದರವೇ ಆಗಬೇಕು.

ಇಡೀ ಪದರ, ಬಿಳಿ ಗೋಳ

ಈಗ ಚದುರಿಸುವ ಅಂಗಾಂಶಕ್ಕೆ ಬರೋಣ. ಕೋಳಿಯ ಎದೆಯ ಮಾಂಸದಲ್ಲಿ ರಕ್ತವೂ, ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಮಯೊಗ್ಲೋಬಿನ್ನೂ ಕಡಿಮೆ, ನಾರು ಒಂದೇ ದಿಕ್ಕಿನದು, ಹಾಗಾಗಿ ಆರಂಭಕ್ಕೆ ಅದು ಒಳ್ಳೆಯದು. ಫ್ರೀಜರಿನಲ್ಲಿ ಅರ್ಧ ಗಟ್ಟಿಯಾಗುವಷ್ಟು ಇಟ್ಟು, ಹರಿತವಾದ ಬ್ಲೇಡಿನಿಂದ ಒಂದು ಮಿಲಿಮೀಟರ್ ಪದರ ತೆಗೆದು, ಎರಡು ಗಾಜಿನ ಸ್ಲೈಡುಗಳ ನಡುವೆ ಇಡಬೇಕು. ಪದರ ಹಿಸುಕಿಹೋಗದಂತೆ ಎರಡೂ ಅಂಚಿಗೆ ಸ್ಲೈಡಿನದೇ ತುಂಡುಗಳನ್ನು ಊರುಗೋಲಾಗಿ ಕೊಟ್ಟರೆ ದಪ್ಪವೂ ತಾನಾಗಿ ನಿಶ್ಚಿತವಾಗುತ್ತದೆ. ಗಾಜಿಗೂ ಮಾಂಸಕ್ಕೂ ನಡುವೆ ಒಂದೆರಡು ಹನಿ ಉಪ್ಪುನೀರು ಬಿಟ್ಟು ಗಾಳಿಯನ್ನು ಹೊರದೂಡಬೇಕು.

ಇಂಟಿಗ್ರೇಟಿಂಗ್ ಸ್ಫಿಯರ್ ಎಂಬುದು ಒಳಗೆಲ್ಲ ಬೇರಿಯಂ ಸಲ್ಫೇಟಿನಂಥ ಅಚ್ಚ ಬಿಳುಪು ಬಳಿದ ಟೊಳ್ಳು ಗೋಳ. ಅದರ ಮುಂದಿನ ಕಿಂಡಿಯಲ್ಲಿ ಮಾದರಿಯನ್ನಿಟ್ಟರೆ ದಾಟಿಬಂದ ಒಟ್ಟು ಬೆಳಕು, ಹಿಂದಿನ ಕಿಂಡಿಯಲ್ಲಿಟ್ಟರೆ ಹಿಂತಿರುಗಿದ ಒಟ್ಟು ಬೆಳಕು ಸಿಗುತ್ತದೆ. ಪ್ರತಿ ಸಲವೂ ಪ್ರತಿಫಲನ ತಿಳಿದಿರುವ ಬಿಳಿ ಫಲಕದೊಂದಿಗೂ, ಬೆಳಕನ್ನು ಮುಚ್ಚಿದ ಕತ್ತಲೆಯ ಓದಿನೊಂದಿಗೂ ಹೋಲಿಸಬೇಕು. ಈ ಎರಡು ಸಂಖ್ಯೆಗಳು, ಪದರದ ದಪ್ಪ, ಸುಮಾರು 1.4ರ ವಕ್ರೀಭವನ ಸೂಚ್ಯಂಕ ಇವನ್ನು ಕೊಟ್ಟರೆ, ಸ್ಕಾಟ್ ಪ್ರಾಲ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಇನ್ವರ್ಸ್ ಆ್ಯಡಿಂಗ್-ಡಬ್ಲಿಂಗ್ ವಿಧಾನದ ಉಚಿತ ಪ್ರೋಗ್ರಾಂ ಹೀರಿಕೆ ಮತ್ತು ಚದುರುವಿಕೆಗಳನ್ನು ಬೇರೆಬೇರೆಯಾಗಿ ಕೊಡುತ್ತದೆ.

ಈ ವಿಧಾನದ ದೊಡ್ಡ ಶತ್ರು ಅಂಚು. ಬೆಳಕು ಪದರದೊಳಗೇ ಅಡ್ಡಲಾಗಿ ಹರಿದು ಕಿಂಡಿಯ ಅಂಚಿನಾಚೆಗೆ ಸೋರಿದರೆ, ಅದು ದಾಟಿದ್ದರ ಲೆಕ್ಕದಲ್ಲೂ ಇಲ್ಲ, ಹಿಂತಿರುಗಿದ್ದರ ಲೆಕ್ಕದಲ್ಲೂ ಇಲ್ಲ. ಪ್ರೋಗ್ರಾಂ ಅದನ್ನು ಹೀರಿಕೆಯೆಂದೇ ತಿಳಿಯುತ್ತದೆ. ರಕ್ತವಿಲ್ಲದ ಕೋಳಿಮಾಂಸದಲ್ಲಿ 700ರಿಂದ 800ರ ನಡುವೆ ಹೀರಿಕೆ ಬಹಳ ಕೆಳಗಿಳಿಯಬೇಕು. ಅಲ್ಲೊಂದು ಎತ್ತರದ ಬಯಲು ಕಂಡರೆ ಅದು ಮಾಂಸದ್ದಲ್ಲ, ಸೋರಿಕೆಯದು. ಬೆಳಕಿನ ಚುಕ್ಕೆಯನ್ನು ಚಿಕ್ಕದಾಗಿಸಿ, ಕಿಂಡಿಯನ್ನು ದೊಡ್ಡದಾಗಿಸಿ ಮತ್ತೆ ಓದಬೇಕು. ಬಯಲು ತಗ್ಗಿದರೆ ಅನುಮಾನ ನಿಜವೆಂದಾಯಿತು.

ಇಡೀ ಜೋಡಣೆಯನ್ನು ಒರೆಗೆ ಹಚ್ಚಲು ಮೊದಲ ಭಾಗದ ಹಿಮೋಗ್ಲೋಬಿನ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ಕೊಡುವ ಇಂಟ್ರಾಲಿಪಿಡ್ ಎಂಬ ಸೋಯಾ ಎಣ್ಣೆಯ ಬಿಳಿ ದ್ರವವನ್ನು 1 ಶೇಕಡಾ ಕೊಬ್ಬು ಬರುವಂತೆ ನೀರು ಬೆರೆಸಿದರೆ ಅದರ ಚದುರುವಿಕೆ ಅಂಗಾಂಶದ್ದಕ್ಕೆ ಹತ್ತಿರವಾಗುತ್ತದೆ. ಅದಕ್ಕೆ ಸಾಂದ್ರತೆ ಗೊತ್ತಿರುವ ಹಿಮೋಗ್ಲೋಬಿನ್ ದ್ರಾವಣವನ್ನು ನಾಲ್ಕೈದು ಹಂತಗಳಲ್ಲಿ ಸೇರಿಸುತ್ತಾ, ಪ್ರತಿ ಹಂತದಲ್ಲೂ ಗೋಳದಿಂದ ಹೀರಿಕೆಯನ್ನು ಕಂಡುಹಿಡಿದು, ಕ್ಯುವೆಟ್‌ನಲ್ಲಿ ಅಳೆದ ಹೀರಿಕೆಗೆ ಎದುರಾಗಿ ಗ್ರಾಫ್ ಹಾಕಬೇಕು. ಬಿಂದುಗಳು ನೇರಗೆರೆಯಲ್ಲಿ ಬಂದು ಅದರ ಇಳಿಜಾರು 1ರ ಹತ್ತಿರವಿದ್ದರೆ ಗೋಳ ಸರಿಯಾಗಿದೆ. ಗೆರೆ ಲಂಬಾಕ್ಷವನ್ನು ಮೇಲೆ ಕಡಿದರೆ ಆ ಎತ್ತರವೇ ಸೋರಿಕೆಯ ಅಳತೆ. ಇಳಿಜಾರು 2.3 ಅಥವಾ 0.43 ಬಂದರೆ ಯಂತ್ರವನ್ನು ಮುಟ್ಟುವ ಮುನ್ನ ಎಕ್ಸೆಲ್ ಹಾಳೆಯನ್ನು ತೆರೆಯಬೇಕು.

ಇದಾದ ಮೇಲೆ ಮಾಂಸದ ಹೀರಿಕೆಯ ಗೆರೆಯನ್ನು ಘಟಕಗಳ ಗೆರೆಗಳ ಮೊತ್ತವಾಗಿ, ಯಾವ ಪ್ರಮಾಣವೂ ಸೊನ್ನೆಗಿಂತ ಕೆಳಗಿಳಿಯದಂತೆ, ಕನಿಷ್ಠ ವರ್ಗದ ಲೆಕ್ಕದಿಂದ (ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ) ಹೊಂದಿಸಬಹುದು. ಕೋಳಿಮಾಂಸದಲ್ಲಿ ನೀರು ಸುಮಾರು ಮುಕ್ಕಾಲು ಪಾಲು ಇರುವುದರಿಂದ 975ರ ಶಿಖರ ಶುದ್ಧ ನೀರಿನದರ ಮುಕ್ಕಾಲು ಎತ್ತರಕ್ಕೆ ಬರಬೇಕು. ಕೊನೆಗೆ ಅದೇ ಮಾಂಸದಿಂದ ಅರ್ಧ ಮಿಲಿಮೀಟರಿನ ಇನ್ನೊಂದು ಪದರ ಕತ್ತರಿಸಿ ಎಲ್ಲವನ್ನೂ ಮತ್ತೊಮ್ಮೆ ಅಳೆಯಬೇಕು. ದಪ್ಪ ಬದಲಾದರೂ ಹೀರಿಕೆಯ ಗುಣಾಂಕ ಬದಲಾಗಬಾರದು. ಬದಲಾದರೆ, ಹೊಂದಾಣಿಕೆ ಎಷ್ಟೇ ಸೊಗಸಾಗಿ ಕಂಡರೂ, ಆ ದಿನದ ಅಂಕಿಗಳನ್ನು ಕೋಷ್ಟಕಕ್ಕೆ ಏರಿಸದೆ ಪದರದ ದಪ್ಪವನ್ನು ಮತ್ತೆ ಮೈಕ್ರೋಮೀಟರ್ ಸ್ಕ್ರೂಗೇಜಿನಿಂದ ಅಳೆಯುವಲ್ಲಿಂದ ಆರಂಭಿಸಬೇಕು.